999ರ ಉತ್ತರಾಧಿಕಾರಿ

ಮೈಸೂರಿನಲ್ಲಿ ಸಾಯಂಕಾಲದ ಕಾಫಿಗೆ ವಾದವೆಂಬುದು ಸಕ್ಕರೆಯಷ್ಟೇ ಆವಶ್ಯಕ. ಅಗ್ರಹಾರದ ಹೋಟೆಲೊಂದರ ಮೂಲೆಯ ಮೇಜಿಗೆ ಭಾನುವಾರದ ಸಂಜೆಗಳಲ್ಲಿ ಬಂದು ಸೇರುವ ನಾಲ್ವರು ಸಂಗೀತ, ರಾಜಕೀಯ, ದಸರೆಯ ದೀಪಾಲಂಕಾರ ಇವೆಲ್ಲವನ್ನೂ ವಿಚಾರಣೆಗೆ ಒಳಪಡಿಸಿ ತೀರ್ಪು ನೀಡಿ ಮುಗಿಸಿದವರು. ಆದರೆ ಈಚಿನ ಒಂದು ಸಂಜೆ ಅವರ ಮುಂದೆ ಬಂದ ಮೊಕದ್ದಮೆ ಅಷ್ಟು ಸುಲಭವಾಗಿ ಇತ್ಯರ್ಥವಾಗುವಂಥದಾಗಿರಲಿಲ್ಲ.

ನಾಲ್ವರಲ್ಲಿ ಒಬ್ಬರು ಎಪ್ಪತ್ತು ದಾಟಿದ ನಿವೃತ್ತ ಉಪಾಧ್ಯಾಯರು; ಇನ್ನೊಬ್ಬರು ಔಷಧದ ಅಂಗಡಿಯ ಯಜಮಾನರು; ಮೂರನೆಯವರು ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ಅಧ್ಯಾಪಿಕೆ; ನಾಲ್ಕನೆಯವನು ಉಪಾಧ್ಯಾಯರ ಮೊಮ್ಮಗ. ಮಾತನ್ನು ತೆಗೆದವನು ಮೊಮ್ಮಗನೇ. ಮುಂದಿನ ಜೇಮ್ಸ್ ಬಾಂಡ್ ಯಾರಾಗಬೇಕೆಂಬುದು ಅವನ ಗೆಳೆಯರೊಳಗಿನ ಜಗಳ. ಉಪಾಧ್ಯಾಯರು ನಕ್ಕರು. “ಅವರಿಗೆ ಬಾಂಡರು ಅನೇಕರು, ಆದ್ದರಿಂದ ಜಗಳವೂ ಅನೇಕ. ನಮಗೆ ಒಬ್ಬನೇ 999, ಆದ್ದರಿಂದ ನೆಮ್ಮದಿ” ಎಂದರು.

“ಹಾಗಾದರೆ ಈಗ ಬೇರೊಬ್ಬರು ಆ 999 ಆಗಬಾರದೇಕೆ?” ಎಂದು ಹುಡುಗ ಸಹಜವಾಗಿ ಕೇಳಿದ. ಉಪಾಧ್ಯಾಯರ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಕುಳಿತಿತು. ದೇವಸ್ಥಾನದ ಮೂಲವಿಗ್ರಹವನ್ನು ಬದಲಿಸಬಾರದೇಕೆ ಎಂದು ಕೇಳಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದರೋ ಅಷ್ಟೇ ನೊಂದುಕೊಂಡರು.

ಆಂಗ್ಲ ಬಾಂಡನ ಚರಿತ್ರೆಯನ್ನು ನೋಡಿದರೆ ಈ ಬಗೆಯ ನೋವು ಹೊಸದಲ್ಲ. 1962ರಲ್ಲಿ ‘ಡಾಕ್ಟರ್ ನೋ’ ಚಿತ್ರಕ್ಕೆ ಷಾನ್ ಕಾನರಿಯವರನ್ನು ಆರಿಸಿದಾಗ, ಆ ಪಾತ್ರವನ್ನು ಸೃಷ್ಟಿಸಿದ ಕಾದಂಬರಿಕಾರ ಇಯಾನ್ ಫ್ಲೆಮಿಂಗರಿಗೇ ಆ ಆಯ್ಕೆ ಒಪ್ಪಿಗೆಯಾಗಿರಲಿಲ್ಲ. ಬಳಿಕ ಅವರ ಮನಸ್ಸು ಎಷ್ಟು ತಿರುಗಿತೆಂದರೆ 1964ರ ತಮ್ಮ ಕಾದಂಬರಿಯಲ್ಲಿ ಬಾಂಡನ ತಂದೆ ಸ್ಕಾಟ್ಲೆಂಡಿನವನೆಂದು ಬರೆದರು. ಕಾನರಿಯವರೂ ಆ ನಾಡಿನವರೇ. 1969ರಲ್ಲಿ ಆಸ್ಟ್ರೇಲಿಯದ ಜಾರ್ಜ್ ಲೇಜನ್‌ಬಿ ಬಂದು ಒಂದೇ ಚಿತ್ರಕ್ಕೆ ಹೊರಟುಹೋದರು. 1971ರಲ್ಲಿ ಕಾನರಿಯವರನ್ನೇ ಮರಳಿ ಕರೆತರಬೇಕಾಯಿತು. 1973ರಿಂದ 1985ರವರೆಗೆ ರೋಜರ್ ಮೂರ್ ಏಳು ಚಿತ್ರಗಳಲ್ಲಿ ಹುಬ್ಬೇರಿಸಿ ನಗಿಸಿದರು. ಅಂಗಡಿಯ ಯಜಮಾನರ ಒಲವು ಇವರ ಮೇಲೆ. ಉದಯಪುರದ ಸರೋವರಗಳ ನಡುವೆ ಚಿತ್ರಿತವಾದ 1983ರ ‘ಆಕ್ಟೋಪಸಿ’ಯನ್ನು ಅವರು ಎಷ್ಟು ಬಾರಿ ನೋಡಿದರೆಂಬುದಕ್ಕೆ ಲೆಕ್ಕವಿಲ್ಲ. ಆಮೇಲೆ ಡಾಲ್ಟನ್, ಬ್ರಾಸ್ನನ್. 2005ರಲ್ಲಿ ಡೇನಿಯಲ್ ಕ್ರೇಗ್ ಎಂದು ಘೋಷಣೆಯಾದಾಗ, ಬಾಂಡನ ಕೂದಲು ಹೊಂಬಣ್ಣದ್ದಾಗಿರಬಹುದೇ ಎಂದು ಅಭಿಮಾನಿಗಳು ಬಹಿಷ್ಕಾರದ ಮಾತನ್ನೇ ಎತ್ತಿದರು. 2006ರಲ್ಲಿ ‘ಕ್ಯಾಸಿನೊ ರಾಯಲ್’ ತೆರೆಕಂಡಿತು, ಗದ್ದಲವಡಗಿತು. 2021ರಲ್ಲಿ ಅದೇ ಕ್ರೇಗರ ಬಾಂಡ್ ತೆರೆಯ ಮೇಲೆ ಸತ್ತಾಗ, ಇನ್ನಾರು ಈ ಸ್ಥಾನವನ್ನು ತುಂಬಬಲ್ಲರೆಂದು ಪ್ರಲಾಪಿಸಿದವರಲ್ಲಿ ಅಂದು ಬಹಿಷ್ಕಾರ ಕೂಗಿದವರೂ ಇದ್ದಿರಬೇಕು.

ಹೊಸ ಮುಖವನ್ನು ಮೊದಲು ತಿರಸ್ಕರಿಸುವುದು, ಅನಂತರ ಸಹಿಸುವುದು, ಕೊನೆಗೆ ಅದನ್ನೇ ಅಳತೆಗೋಲಾಗಿ ಹಿಡಿದು ಮುಂದಿನವನನ್ನು ತಿರಸ್ಕರಿಸುವುದು: ಅಭಿಮಾನದ ಕ್ರಮವೇ ಇದು.

ಆದರೆ ಕನ್ನಡದ ಕಥೆ ಬೇರೆ. ಬಾಂಡನ ಅಲೆ ದಕ್ಷಿಣಕ್ಕೆ ಬಂದುದು ಅರುವತ್ತರ ದಶಕದಲ್ಲಿ. 1966ರಲ್ಲಿ ತೆಲುಗಿನ ‘ಗೂಢಚಾರಿ 116’ರಲ್ಲಿ ಕೃಷ್ಣ, ತಮಿಳಿನ ‘ವಲ್ಲವನ್ ಒರುವನ್’ನಲ್ಲಿ ಜೈಶಂಕರ್ ಪಿಸ್ತೂಲು ಹಿಡಿದರು. ಇಬ್ಬರೂ ಆಗ ಚಿತ್ರರಂಗಕ್ಕೆ ಹೊಸಬರು. ಅವರನ್ನು ಜನ ಯಾವ ವೇಷದಲ್ಲಿಯೂ ಪೂಜಿಸಿರಲಿಲ್ಲ. ಕನ್ನಡದಲ್ಲಿ ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯನ್ನು ನೇಯ್ದಾಗ ಆರಿಸಿಕೊಂಡುದು ರಾಜ್‌ಕುಮಾರರನ್ನು. ಅವರಾದರೋ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವನಿಗೆ ಕಣ್ಣು ಕೊಟ್ಟವರು, 1960ರಲ್ಲಿ ಕನಕದಾಸರಾದವರು, 1965ರಲ್ಲಿ ಹರಿಶ್ಚಂದ್ರನಾಗಿ ಸುಡುಗಾಡು ಕಾದವರು, 1966ರಲ್ಲಿ ‘ಮಂತ್ರಾಲಯ ಮಹಾತ್ಮೆ’ಯ ರಾಘವೇಂದ್ರ ಗುರುಗಳು, 1967ರಲ್ಲಿ ಇಮ್ಮಡಿ ಪುಲಿಕೇಶಿ. ಆ ಗುರುಗಳ ಕಾವಿ ಕಣ್ಣಿನಿಂದ ಮಾಸುವ ಮೊದಲೇ ಅದೇ ಮನುಷ್ಯ ಸೂಟು ಬೂಟು ತೊಟ್ಟು, ಸಿ.ಐ.ಡಿ. 999 ಪ್ರಕಾಶನೆಂಬ ಹೆಸರಿನಲ್ಲಿ ಬಂದರೆ ಜನ ಒಪ್ಪುವರೇ? ಪಾತ್ರಧಾರಿಯ ಆಯ್ಕೆಯಲ್ಲಿ ಇದಕ್ಕಿಂತ ದೊಡ್ಡ ಜೂಜು ಕನ್ನಡ ಚಿತ್ರರಂಗದಲ್ಲಿ ವಿರಳ.

ಉಪಾಧ್ಯಾಯರು ಆಗ ಪಿ.ಯು.ಸಿ. ವಿದ್ಯಾರ್ಥಿ. ಚಿತ್ರಮಂದಿರದ ಹೊರಗೆ ಸರದಿಯಲ್ಲಿ ನಿಂತಿದ್ದವರು ಇದೇ ಪ್ರಶ್ನೆಯನ್ನು ಹಿಡಿದು ಗುದ್ದಾಡಿದುದು ಅವರಿಗೆ ಇನ್ನೂ ನೆನಪಿದೆ. ಒಳಗೆ ಹೋದವರು ಹೊರಬರುವಾಗ ಪ್ರಶ್ನೆಯೇ ಉಳಿದಿರಲಿಲ್ಲ. ಜನ ಒಪ್ಪಿದರೆಂಬುದಕ್ಕೆ ಸಾಕ್ಷಿ ಬೇಕಿಲ್ಲ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು. ಗೋವೆ ಭಾರತಕ್ಕೆ ಸೇರಿ ಆಗಿನ್ನೂ ಏಳೇ ವರ್ಷ. ಆ ಹೆಸರೇ ಕುತೂಹಲಕ್ಕೆ ಸಾಕಾಗಿದ್ದಿತು. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದಿತು.

“ಒಪ್ಪಿದರು, ನಿಜ. ಆದರೆ ಏನನ್ನು ಒಪ್ಪಿದರು?” ಎಂದು ಅಧ್ಯಾಪಿಕೆ ಕೇಳಿದರು. ಅವರ ದೃಷ್ಟಿಯಲ್ಲಿ ಜನ ಒಪ್ಪಿದುದು ಗೂಢಚಾರನನ್ನಲ್ಲ; ಗೂಢಚಾರನ ಉಡುಪಿನಲ್ಲಿದ್ದ ರಾಜ್‌ಕುಮಾರರನ್ನು. ಆಂಗ್ಲ ಬಾಂಡ್ ಒಂಟಿ. 999ರ ಬಳಿ ನರಸಿಂಹರಾಜು ಇದ್ದಾರೆ. ರಾಜನ ಪಕ್ಕದಲ್ಲಿ ವಿದೂಷಕನಿಲ್ಲದ ನಾಟಕ ಕನ್ನಡದ ಕಂಪೆನಿಗಳಲ್ಲಿ ಎಂದು ತಾನೆ ನಡೆದೀತು? ಹಾಸ್ಯಗಾರನನ್ನು ಜೊತೆಗಿಟ್ಟುದರಿಂದ ಪತ್ತೇದಾರಿಕೆಯ ಬಿಗಿ ಸಡಿಲವಾಯಿತೆಂದು ಅಂಗಡಿಯ ಯಜಮಾನರ ಆಕ್ಷೇಪ. ಬಿಗಿ ಸಡಿಲವಾದುದರಿಂದಲೇ ಮನೆಮಂದಿಯೆಲ್ಲ ಬಂದು ನೋಡಿದರೆಂದು ಉಪಾಧ್ಯಾಯರ ಸಮಾಧಾನ.

ನಾಯಕಿಯರ ವಿಷಯದಲ್ಲಿ ಮಾತ್ರ ಬಾಂಡನ ಕ್ರಮವನ್ನೇ ಅನುಸರಿಸಲಾಯಿತು: ಚಿತ್ರಕ್ಕೊಬ್ಬಳು. ಮೊದಲನೆಯದರಲ್ಲಿ ಜಯಂತಿ, ಎರಡನೆಯದರಲ್ಲಿ ಲಕ್ಷ್ಮಿ, ಅದು ಅವರ ಮೊದಲ ಕನ್ನಡ ಚಿತ್ರ, ಮೂರನೆಯದರಲ್ಲಿ ರೇಖಾ. ಮರುವರ್ಷ ‘ಸಾವನ್ ಭಾದೋಂ’ ಮೂಲಕ ಹಿಂದಿಯನ್ನು ಗೆದ್ದ ಅದೇ ರೇಖಾ ನಾಯಕಿಯಾದುದು ಮೊದಲು 999ರ ಎದುರಿನಲ್ಲಿ. ಹೊಸಬರನ್ನು ಪರೀಕ್ಷಿಸಬೇಕಾದರೆ ನಾಯಕಿಯ ಸ್ಥಾನದಲ್ಲಿ ಪರೀಕ್ಷಿಸಬಹುದು, ನಾಯಕನ ಸ್ಥಾನದಲ್ಲಿ ಮಾತ್ರ ಕೂಡದು ಎಂಬುದು ಎಂತಹ ನ್ಯಾಯವೆಂದು ಅಧ್ಯಾಪಿಕೆ ಕೇಳಿದುದಕ್ಕೆ ಮೇಜಿನ ಸುತ್ತ ಉತ್ತರ ಬರಲಿಲ್ಲ. ಇಡ್ಲಿ ಬಂದಿತು.

ಮೂರನೆಯ ಚಿತ್ರವಾದ ಒಂಬತ್ತು ವರ್ಷಗಳ ಅನಂತರ, 1978ರಲ್ಲಿ, 999 ಮತ್ತೊಮ್ಮೆ ಬಂದ. ನಡುವೆ ‘ಕಸ್ತೂರಿ ನಿವಾಸ’ ಮತ್ತು ‘ಎರಡು ಕನಸು’ ಆಗಿಹೋಗಿದ್ದುವು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ರಾಜ್‌ಕುಮಾರರಿಗೆ ಗೌರವ ಡಾಕ್ಟರೇಟನ್ನು ನೀಡಿದ್ದಿತು. ಡಾಕ್ಟರರಾದವರು ಮತ್ತೆ ಪಿಸ್ತೂಲು ಹಿಡಿಯಬೇಕೇ ಎಂದು ಹುಬ್ಬುಗಂಟಿಕ್ಕಿದವರುಂಟು. ‘ಆಪರೇಷನ್ ಡೈಮಂಡ್ ರಾಕೆಟ್’ ವರ್ಣದಲ್ಲಿ ಬಂದಿತು, ನಾಯಕಿ ಪದ್ಮಪ್ರಿಯ. ಅದರಲ್ಲಿ ಇಂಗ್ಲಿಷ್ ಹಾಡೊಂದನ್ನು ರಾಜ್‌ಕುಮಾರರೇ ಹಾಡಿದರು.

ಇಲ್ಲಿ ಅಂಗಡಿಯ ಯಜಮಾನರು ಒಂದು ಸೂಕ್ಷ್ಮವನ್ನು ಹಿಡಿದರು. ಮೊದಲ ಮೂರು ಚಿತ್ರಗಳ ಕಾಲದಲ್ಲಿ ರಾಜ್‌ಕುಮಾರರ ಹಾಡಿನ ಕಂಠವೆಂದರೆ ಪಿ.ಬಿ. ಶ್ರೀನಿವಾಸರದು. ಆ ಮುಖಕ್ಕೆ ಬೇರೆ ದನಿಯನ್ನು ಊಹಿಸಲಾರೆವೆಂದೇ ಜನ ನಂಬಿದ್ದರು. 1974ರ ‘ಸಂಪತ್ತಿಗೆ ಸವಾಲ್’ ಅನಂತರ ರಾಜ್‌ಕುಮಾರರು ತಾವೇ ಹಾಡತೊಡಗಿದರು. ಕೆಲವರು ಗೊಣಗಿದರು, ಬಳಿಕ ಕೇಳಿದರು, ಬಳಿಕ ಅದಿಲ್ಲದೆ ಇರಲಾರದಾದರು. “999ರ ಮುಖ ಬದಲಾಗಲಿಲ್ಲ, ಕಂಠ ಬದಲಾಯಿತು. ಅರ್ಧ ಮನುಷ್ಯ ಬದಲಾದುದನ್ನು ನೀವು ಒಪ್ಪಿರುವಿರಿ, ಮೇಷ್ಟ್ರೇ” ಎಂದರು ಯಜಮಾನರು.

ಉಪಾಧ್ಯಾಯರು ಸೋಲಲಿಲ್ಲ. “ಅದು ಅವರದೇ ಕಂಠ. ಅವರ ಮುಖಕ್ಕೆ ಅವರ ಕಂಠ ಬಂದುದು ಬದಲಾವಣೆಯಲ್ಲ, ಮನೆಗೆ ಮರಳಿದುದು” ಎಂದರು. ಉತ್ತರ ಚೆನ್ನಾಗಿದ್ದಿತು. ಆದರೆ ಮೊಮ್ಮಗನ ಮುಖದಲ್ಲಿ ಇದಾವುದೂ ನಾಟಿದಂತೆ ಕಾಣಲಿಲ್ಲ. ಅವನು ಮೆಲ್ಲನೆ ಹೇಳಿದ: “ತಾತ, ನನ್ನ ಗೆಳೆಯರು ಹನ್ನೊಂದು ಮಂದಿ. ಅವರಲ್ಲಿ ಬಾಂಡನನ್ನು ಅರಿಯದವರಿಲ್ಲ. 999 ಎಂದರೆ ಏನೆಂದು ಬಲ್ಲವನು ನಾನೊಬ್ಬನೇ; ಅದೂ ನೀವು ಹೇಳಿರುವಿರಾಗಿ.”

ವಾದದ ತಿರುಳು ಇಲ್ಲಿದ್ದಿತು. ರಾಜ್‌ಕುಮಾರರು 2006ರಲ್ಲಿ ತೀರಿಕೊಂಡರು, ದೊರೆಯವರು ಅದಕ್ಕೂ ಮೊದಲು, 2000ದಲ್ಲಿ, ಭಗವಾನರು 2023ರಲ್ಲಿ. 2020ರ ಪಿಡುಗಿನ ತರುವಾಯ ಮೈಸೂರಿನ ಶಾಂತಲ, ಸರಸ್ವತಿಯಂತಹ ಚಿತ್ರಮಂದಿರಗಳೂ ಬಾಗಿಲು ಹಾಕಿದುವು. ಮಾಡಿದವರಿಲ್ಲ, ತೋರಿಸುತ್ತಿದ್ದ ಮನೆಗಳೂ ಒಂದೊಂದಾಗಿ ಇಲ್ಲವಾಗುತ್ತಿವೆ. ಬಾಂಡ್ ಬದುಕಿರುವುದು ಅವನ ಅಭಿಮಾನಿಗಳು ಪ್ರತಿ ಹತ್ತು ವರ್ಷಕ್ಕೊಮ್ಮೆ ನೊಂದುಕೊಳ್ಳಲು ಸಿದ್ಧರಾಗಿರುವುದರಿಂದ. 999 ಯಾರ ಮನಸ್ಸನ್ನೂ ನೋಯಿಸದೆ ಮಲಗಿದ್ದಾನೆ.

ಆಗ ಅಧ್ಯಾಪಿಕೆ ಉಪಾಧ್ಯಾಯರ ಮನೆಯದೇ ಒಂದು ಸಂಗತಿಯನ್ನು ನೆನಪಿಸಿದರು. ಉಪಾಧ್ಯಾಯರ ಅಜ್ಜ ಈ ಊರಿನಲ್ಲಿಯೇ ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆಯ ‘ಪ್ರಹ್ಲಾದ’ವನ್ನು ನೋಡಿದವರು. ವರದಾಚಾರ್ಯರು 1926ರಲ್ಲಿ ಕಾಲವಾದ ಮೇಲೆ, ಇನ್ನು ಯಾರ ಹಿರಣ್ಯಕಶಿಪುವನ್ನೂ ಕಣ್ಣೆತ್ತಿ ನೋಡೆನೆಂದು ಆಣೆಯಿಟ್ಟುಕೊಂಡಿದ್ದರೆಂದು ಉಪಾಧ್ಯಾಯರೇ ಎಷ್ಟೋ ಸಾರಿ ಹೇಳಿದ್ದರು. ಆದರೆ ಹಿರಣ್ಯಕಶಿಪು ನಿಲ್ಲಲಿಲ್ಲ. ಕಂಪೆನಿಯಿಂದ ಕಂಪೆನಿಗೆ, ಊರಿನಿಂದ ಊರಿಗೆ ನಡೆದ. ಗುಬ್ಬಿ ಕಂಪೆನಿಯಲ್ಲಿ ಆ ಬಗೆಯ ರಾಕ್ಷಸಪಾತ್ರಗಳಿಗೆ ಹೆಸರಾದವರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಅವರ ಮಗನೇ ರಾಜ್‌ಕುಮಾರ್. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರರು ಅದೇ ಹಿರಣ್ಯಕಶಿಪುವಾಗಿ ಗರ್ಜಿಸಿದರು, ಎದುರಿನಲ್ಲಿ ಪ್ರಹ್ಲಾದನಾಗಿ ಅವರ ಕಿರಿಯ ಮಗ ಪುನೀತ್.

“ಅದನ್ನು ನೀವು ಎಷ್ಟು ಸಾರಿ ನೋಡಿದಿರಿ?” ಎಂದು ಅಧ್ಯಾಪಿಕೆ ಕೇಳಿದರು.

ಉಪಾಧ್ಯಾಯರು ಬಹಳ ಹೊತ್ತು ಮಾತನಾಡಲಿಲ್ಲ. “ಆರು ಸಾರಿ” ಎಂದರು ಕೊನೆಗೆ. “ಅಜ್ಜ ಬದುಕಿದ್ದಿದ್ದರೆ ಬೈಯುತ್ತಿದ್ದರು.”

ಹಿರಣ್ಯಕಶಿಪು ಪುರಾಣದವನು, 999 ಸಿನಿಮಾದವನು. ಒಬ್ಬನಿಗೆ ಸಾವಿರಾರು ವರ್ಷಗಳ ಬೇರು, ಇನ್ನೊಬ್ಬನಿಗೆ ನಾಲ್ಕೇ ಚಿತ್ರಗಳ ಚಿಗುರು. ಒಬ್ಬ ನಟನ ಮೈಯಳತೆಗೆ ಹೊಲಿದ ಅಂಗಿ ಮತ್ತೊಬ್ಬನಿಗೆ ಹೊಂದುವುದೆಂದು ಹೇಳಲು ಬರುವುದಿಲ್ಲ. ಬಲವಂತವಾಗಿ ತೊಡಿಸಿದರೆ ಹರಿಯಲೂಬಹುದು. ಉಪಾಧ್ಯಾಯರ ಭಯಕ್ಕೆ ಆಧಾರವಿಲ್ಲವೆನ್ನುವಂತಿಲ್ಲ. ಆದರೆ ತೊಡುವವರಿಲ್ಲದ ಅಂಗಿಯನ್ನು ನುಸಿ ತಿನ್ನುವುದೂ ಅಷ್ಟೇ ನಿಜ. ಪಾತ್ರವನ್ನು ಪ್ರೀತಿಸುವವನು ಅದನ್ನು ಕಾಯುತ್ತಾನೆ. ಇನ್ನೂ ಹೆಚ್ಚು ಪ್ರೀತಿಸುವವನು, ಕೈ ನಡುಗುತ್ತಿದ್ದರೂ, ಇನ್ನೊಬ್ಬರ ಕೈಗೆ ಕೊಡುತ್ತಾನೆ.

ಬಿಲ್ಲು ಬಂದಾಗ ಉಪಾಧ್ಯಾಯರು ಒಂದು ಷರತ್ತನ್ನು ಮುಂದಿಟ್ಟರು. ಹೊಸ 999 ಯಾರಾಗಬೇಕೆಂದು ಹುಡುಗ ಬೇಕಾದರೆ ವಾದಿಸಲಿ. ಆದರೆ ಹಳೆಯ 999ನನ್ನು ನೋಡದೆ ವಾದಿಸಕೂಡದು. ಹುಡುಗ ಒಪ್ಪಿದ, ಗೆಳೆಯರನ್ನೂ ಕರೆತರುವೆನೆಂದ. ಮುಂದಿನ ಶನಿವಾರ ರಾತ್ರಿ ಅಗ್ರಹಾರದ ಆ ಮನೆಯ ನಡುಮನೆಯಲ್ಲಿ, ಗೋಡೆಯ ಪರದೆಯ ಮೇಲೆ ‘ಜೇಡರ ಬಲೆ’ ಕಪ್ಪು ಬಿಳುಪಿನಲ್ಲಿ ಬೆಳಗಿತು. ಎದುರಿಗೆ ಹನ್ನೆರಡು ಮಂದಿ ಯುವಕರು ಚಾಪೆಯ ಮೇಲೆ ಕುಳಿತಿದ್ದರು. ಉಪಾಧ್ಯಾಯರು ಹಿಂದುಗಡೆ ಕುರ್ಚಿಯಲ್ಲಿ ಕುಳಿತು ಪರದೆಯನ್ನು ನೋಡಲಿಲ್ಲ. ಅವರು ಆ ಹುಡುಗರ ಮುಖಗಳನ್ನೇ ನೋಡುತ್ತಿದ್ದರು.

ಚಿತ್ರ ಮುಗಿದು ದೀಪ ಹತ್ತಿದಾಗ ಹುಡುಗರು ಎರಡು ಪಕ್ಷವಾಗಿ ಜಗಳವಾಡತೊಡಗಿದ್ದರು. ಒಳಗೆ ಹೋಗಿ ಉಪಾಧ್ಯಾಯರು ಎಲ್ಲರಿಗೂ ಕಾಫಿ ಮಾಡಿಸಿದರು.