ಪೂರ್ವಾಶ್ರಯದ ವ್ಯಾಪಾರ

ಲಿಂಗವಂತನಾದ ಮೇಲೆ ಭಕ್ತನ ಪೂರ್ವಾಶ್ರಯವನ್ನು ಕೆದಕಬಾರದೆಂಬುದು ಬಸವಾದಿ ಶರಣರು ಹಾಕಿಕೊಟ್ಟ ಕಟ್ಟಳೆ. ಕನ್ನದ ಮಾರಿತಂದೆಗಳು ಮೊದಲು ಕನ್ನ ಹಾಕುತ್ತಿದ್ದವರೆಂದು ಪರಂಪರೆ ಹೇಳುತ್ತದೆ. ಆದರೆ ಅವರ ವಚನದಲ್ಲಿ ಕಳವಿನ ಸಾಹಸದ ವರ್ಣನೆಯಿಲ್ಲ. ಕನ್ನಗಾರಿಕೆಯ ಮಾತು ಅಲ್ಲಿ ಅನುಭಾವದ ಮಾತಾಗಿ ಮಾರ್ಪಟ್ಟಿದೆ. ಪೂರ್ವಾಶ್ರಯವನ್ನೇ ಬಂಡವಾಳ ಮಾಡಿಕೊಂಡರೆ ಧರ್ಮದ ಗತಿ ಏನಾಗುವುದೆಂಬುದಕ್ಕೆ ಅಮೆರಿಕದ ಕ್ರೈಸ್ತ ಉಪದೇಶಕ ಮೈಕ್ ವಾರ್ನ್‌ಕಿಯ ಚರಿತ್ರೆಯೇ ಸಾಕ್ಷಿ.

1972ರಲ್ಲಿ ಈತನ ‘ದಿ ಸೇಟನ್ ಸೆಲ್ಲರ್’ ಎಂಬ ಪುಸ್ತಕ ಹೊರಬಂದಿತು. ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ಓದುತ್ತಿದ್ದಾಗ ತಾನು ಮಾದಕವಸ್ತುಗಳ ದಾಸನಾಗಿ, ನೀಳಗೂದಲು ಬಿಟ್ಟು, 1,500 ಮಂದಿ ಸೈತಾನ ಪೂಜಕರಿಗೆ ಮಹಾಪೂಜಾರಿಯಾಗಿದ್ದೆನೆಂದೂ, ಬಳಿಕ ಕ್ರಿಸ್ತನಿಂದ ಉದ್ಧಾರವಾದೆನೆಂದೂ ಅದರಲ್ಲಿ ಬರೆದುಕೊಂಡನು. ಹಾಸ್ಯಭಾಷಣಗಳ ಧ್ವನಿಮುದ್ರಿಕೆಗಳಿಂದಲೂ ಹೆಸರಾದನು. 1985ರಲ್ಲಿ ಎಬಿಸಿ ದೂರದರ್ಶನವು ಸೈತಾನ ಪೂಜೆಯನ್ನು ಕುರಿತ ಕಾರ್ಯಕ್ರಮದಲ್ಲಿ ಈತನನ್ನು ಕಾಣಿಸಿತು. ಗುಪ್ತಕೂಟಗಳು ದೇಶದ ತುಂಬ ಮಕ್ಕಳನ್ನು ಬಲಿ ಕೊಡುತ್ತಿವೆಯೆಂಬ ಭೀತಿ ಆ ದಶಕದಲ್ಲಿ ಅಮೆರಿಕವನ್ನು ಹಿಡಿದಿತ್ತು.

ಸುಳ್ಳನ್ನು ಬಯಲಿಗೆಳೆದವರು ನಾಸ್ತಿಕರಲ್ಲ. ಷಿಕಾಗೋದ ಕ್ರೈಸ್ತ ಸಮುದಾಯವೊಂದು ಹೊರಡಿಸುತ್ತಿದ್ದ ‘ಕಾರ್ನರ್‌ಸ್ಟೋನ್’ ಪತ್ರಿಕೆಯೇ 1992ರಲ್ಲಿ ಆ ಕೆಲಸ ಮಾಡಿತು. ಅದರ ಲೇಖಕರು ವಾರ್ನ್‌ಕಿಯ ಹಳೆಯ ಸಹಪಾಠಿಗಳನ್ನು ಹುಡುಕಿ ಮಾತನಾಡಿಸಿದರು, ಆ ಕಾಲದ ಛಾಯಾಚಿತ್ರಗಳನ್ನು ಸಂಗ್ರಹಿಸಿದರು. ಕಂಡದ್ದು ಕೂದಲು ಕತ್ತರಿಸಿದ, ಕನ್ನಡಕ ಧರಿಸಿದ ಒಬ್ಬ ಸಾಮಾನ್ಯ ವಿದ್ಯಾರ್ಥಿ. 1965ರ ಶರತ್ಕಾಲದಲ್ಲಿ ಕಾಲೇಜು ಸೇರಿದವನು 1966ರ ಜೂನ್‌ನಲ್ಲಿ ನೌಕಾಪಡೆಗೆ ಸೇರಿದ್ದನು. ಈ ಕೆಲವೇ ತಿಂಗಳಲ್ಲಿ ವ್ಯಸನ, ಪೌರೋಹಿತ್ಯ, ಮೂರು ಊರುಗಳ ಸೈತಾನ ಸಾಮ್ರಾಜ್ಯ ಎಲ್ಲವೂ ನಡೆದುಹೋಗಬೇಕಿತ್ತು!

ಭಯದಿಂದಲಾದರೂ ಜನ ದೇವರತ್ತ ತಿರುಗಿದರೆ ಹಾನಿಯೇನೆಂದು ಕೇಳುವವರುಂಟು. ಮಾಟದ ಹೆಸರು ಹೇಳಿ ಭಕ್ತರಿಂದ ಹಣ ಕೀಳುವ ನಮ್ಮ ಕಡೆಯ ಜನರ ವಾದವೂ ಇದೇ. ಹಾನಿಯನ್ನು ಕಾಣಬೇಕಾದರೆ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರವನ್ನು ನೋಡಬೇಕು. ವಾರ್ನ್‌ಕಿ ಆ ಮೊಕದ್ದಮೆಯನ್ನು ಹೂಡಿದವನಲ್ಲ. ಆದರೆ ಅದು ಬೆಳೆದದ್ದು ಇಂಥವರು ಹಬ್ಬಿಸಿದ ಭೀತಿಯ ಗಾಳಿಯಲ್ಲೇ. 1983ರಲ್ಲಿ ಆರಂಭವಾದ ಆರೋಪಗಳಲ್ಲಿ ಸೈತಾನ ವಿಧಿಗಳೂ ನೆಲದಡಿಯ ಸುರಂಗಗಳೂ ಸೇರಿಕೊಂಡವು. ಎಪ್ಪತ್ತು ದಾಟಿದ ವೃದ್ಧೆಯ ಮೇಲೂ ದೋಷಾರೋಪ ಬಂತು. ತರುಣ ಅಧ್ಯಾಪಕನೊಬ್ಬ ವಿಚಾರಣೆ ಮುಗಿಯುವ ಮೊದಲೇ ಸುಮಾರು ಐದು ವರ್ಷ ಸೆರೆಯಲ್ಲಿದ್ದನು. 1990ರಲ್ಲಿ ಒಬ್ಬರ ಅಪರಾಧವೂ ಸಿದ್ಧವಾಗದೆ ಮೊಕದ್ದಮೆ ಕೊನೆಗೊಂಡಿತು.

ಕರಸ್ಥಲದ ಲಿಂಗವನ್ನು ನಂಬಿದವನಿಗೆ ಅದಕ್ಕೆ ಸರಿಸಾಟಿಯಾದ ಇನ್ನೊಂದು ಶಕ್ತಿಯ ಅಳುಕಿದ್ದರೆ, ಅವನು ಪೂಜಿಸುತ್ತಿರುವುದು ಆ ಅಳುಕನ್ನೇ. ಮಾರಿ ಮಸಣಿಗಳನ್ನು ಶರಣರು ಬಿಡಿಸಿದ್ದು ಈ ಕಾರಣದಿಂದ. ವಾರ್ನ್‌ಕಿಯ ಸಭೆಗಳಲ್ಲಿ ಕ್ರಿಸ್ತನಿಗಿಂತ ಸೈತಾನನ ಕಥೆಗೇ ಕಿವಿಗಳು ಹೆಚ್ಚು ನೆಟ್ಟಿರಬೇಕು. ಪುಸ್ತಕದ ಹೆಸರಿನಲ್ಲೇ ಇರುವವನು ಅವನಲ್ಲವೇ?

ಪತ್ರಿಕೆಯ ವರದಿಯ ನಂತರ ಧ್ವನಿಮುದ್ರಿಕೆಯ ಸಂಸ್ಥೆ ಈತನನ್ನು ಕೈಬಿಟ್ಟಿತು. ಉತ್ಪ್ರೇಕ್ಷೆ ಮಾಡಿದ್ದುಂಟೆಂದು ಒಪ್ಪಿದ ವಾರ್ನ್‌ಕಿ, ತಾನು ಸೈತಾನ ಪೂಜಕನಾಗಿದ್ದೆನೆಂಬ ಮೂಲಮಾತನ್ನು ಮಾತ್ರ ಬಿಡಲಿಲ್ಲ. 1,500 ಅನುಯಾಯಿಗಳ ಸಂಖ್ಯೆಯನ್ನು 13ಕ್ಕೆ ಇಳಿಸಿದನು. ಮುಂದೆ ಮತ್ತೆ ಉಪದೇಶಕ್ಕೆ ನಿಂತನು.