ಬಾಲವನದ ವಸಂತ

ಪಂಚಾಂಗದ ವಸಂತವು ಚೈತ್ರವನ್ನು ಕಾಯುವುದು; ಪುತ್ತೂರು, ಸುಳ್ಯ, ಕಡಬಗಳ ವಸಂತಕ್ಕೆ ಅಷ್ಟು ತಾಳ್ಮೆಯಿಲ್ಲ. ಮಾಘ ಕಳೆಯುವ ಮೊದಲೇ ಮಾವು, ಗೇರು ಹೂತಿರುತ್ತವೆ. ಕೊಂಬೆಗೆ ಅಂಟಿಕೊಂಡೇ ಅರಳುವ ಸುರಗಿಯ ಕಂಪು ದಾರಿಹೋಕರನ್ನು ತಡೆದು ನಿಲ್ಲಿಸುವುದು. ಆಗ ಮೋಡ ಕವಿದರೆ ಕವಿಗೆ ಹರ್ಷ, ಕೃಷಿಕನಿಗೆ ದಿಗಿಲು: ಗೇರಿನ ಹೂಗೊಂಚಲನ್ನು ಹೀರಿ ಕರಿಕಾಗಿಸುವ ಟೀ ಸೊಳ್ಳೆಗೆ ಅದೇ ಸುಗ್ಗಿ. ಹೊಳೆಯ ನೀರು ಇಳಿದಂತೆ ನಡುವಣ ಕುದುರುಗಳು ತಲೆಯೆತ್ತುವುವು. ಹಿರಿಯರಿಗೆ ಅವು ಬರಿಯ ಮರಳ ದಿಬ್ಬ. ಮಕ್ಕಳಿಗೆ ಒಂದೊಂದೂ ಒಂದು ಲಂಕೆ.

ಮಕ್ಕಳ ಈ ಕಣ್ಣನ್ನು ಬಲ್ಲವರು ಶಿವರಾಮ ಕಾರಂತರು (1902–1997). ಪುತ್ತೂರಿನ ಪರ್ಲಡ್ಕದಲ್ಲಿ ಅವರು 'ಬಾಲವನ'ವನ್ನು ಬೆಳೆಸಿದರು. 1930ರ ದಶಕದಲ್ಲಿಯೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ರಚಿಸಿದರು. ಕುಮಾರಪರ್ವತದ ಮಗ್ಗುಲಿನ ಕಾಡು ಅವರ 'ಬೆಟ್ಟದ ಜೀವ'ದಲ್ಲಿ (1943) ಉಸಿರಾಡುತ್ತಿದೆ.

ಇಂದಿನ ಪೇಟೆಯ ಮಗು ಗುಲಾಬಿಯನ್ನು ಗುರುತಿಸುವುದು, ಸುರಗಿಯನ್ನು ಅರಿಯದು. ತಪ್ಪು ಮಗುವಿನದಲ್ಲ, ಹೆಸರು ಹೇಳಿಕೊಡಬೇಕಾದ ಹಿರಿಯರೇ ಅದನ್ನು ಮರೆತಿದ್ದಾರೆ. ಹೆಸರು ಮರೆತ ಮರಕ್ಕೆ ಕೊಡಲಿ ಬೀಳುವಾಗ ಅಳುವವರಾರು? ಈ ಬೇಸಗೆ ರಜೆಯಲ್ಲಿ ಮಗುವಿನ ಅಂಗೈಯಲ್ಲಿ ಒಂದು ಹೂವನ್ನಿಟ್ಟು ಅದರ ಹೆಸರನ್ನು ಹೇಳಿದರೆ ಸಾಕು. ಒಣಗಿದರೂ ಕಂಪನ್ನು ಬಿಡದು ಸುರಗಿ. ಬಾಲ್ಯದಲ್ಲಿ ಕಲಿತ ಹೆಸರೂ ಹಾಗೆಯೇ.