ಬೀಗ ಬಿದ್ದ ಅಂಕಿಗಳು

ಬಿಳಿಗೆರೆ ಸುತ್ತಮುತ್ತ ಹುಡುಗರು ತಂಡ ಕಟ್ಟಿ ಅಂಗಿ ಹೊಲಿಸುವಾಗ ಮೊದಲ ಜಗಳ ಬ್ಯಾಟಿಗಲ್ಲ, ನಂಬರಿಗೆ. ವಿರಾಟ್ ಕೊಹ್ಲಿಯ 18 ಎಲ್ಲರಿಗೂ ಬೇಕು. ‘ಅಂಕಿ ಹೋಗಿ ರನ್ ಹೊಡೆಯುತ್ತದೇನೋ?’ ಎಂದು ಹಿರಿಯರು ನಗುತ್ತಾರೆ. ನಗಬೇಡಿ. ದೊಡ್ಡ ದೊಡ್ಡ ತಂಡಗಳೇ ಒಂದೊಂದು ಅಂಕಿಯನ್ನು ‘ಇನ್ನು ಯಾರಿಗೂ ಇಲ್ಲ’ ಎಂದು ಬೀಗ ಹಾಕಿ ಇಟ್ಟಿವೆ.

ನಮ್ಮ ಬೆಂಗಳೂರನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ತಂಡ ಎರಡು ಅಂಕಿಗಳಿಗೆ ನಿವೃತ್ತಿ ಕೊಟ್ಟಿತು: ಎ.ಬಿ. ಡಿವಿಲಿಯರ್ಸ್ ತೊಡುತ್ತಿದ್ದ 17, ಕ್ರಿಸ್ ಗೇಲ್‌ನ 333. ಗೇಲ್ 2010ರಲ್ಲಿ ಗಾಲೆಯಲ್ಲಿ ಶ್ರೀಲಂಕಾ ವಿರುದ್ಧ ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಹೊಡೆದ ರನ್ನೂ 333. ಸ್ವಾರಸ್ಯವೆಂದರೆ, ಇವರಿಬ್ಬರೂ ಬೆಂಗಳೂರಿಗೆ ಕಪ್ ಗೆದ್ದುಕೊಟ್ಟವರಲ್ಲ. 2011ರ ಫೈನಲ್ ಸೋತರು. 2016ರ ಫೈನಲ್ಲಿನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಗೇಲ್ 38 ಚೆಂಡಿಗೆ 76 ಬಾರಿಸಿದರೂ ತಂಡ 8 ರನ್ನಿಂದ ಸೋತಿತು. ಕಪ್ ಬಂದದ್ದು 2025ರಲ್ಲಿ, ಇಬ್ಬರೂ ಆಟ ಬಿಟ್ಟ ಮೇಲೆ. ಆದರೂ ಗೌರವ ಅವರಿಗೇ ಸಂದಿತು. ಅಂಕಪಟ್ಟಿ ಹಿಡಿದು ಮಕ್ಕಳನ್ನು ಅಳೆಯುವ ತಂದೆತಾಯಿಯರು ಇದನ್ನೊಂದಿಷ್ಟು ಗಮನಿಸಬಹುದು.

ಈ ಪದ್ಧತಿಯನ್ನು ಬೆಳೆಸಿದ್ದು ಅಮೆರಿಕದ ಬೇಸ್‌ಬಾಲ್, ಅಂದರೆ ನಮ್ಮ ಕ್ರಿಕೆಟ್ಟಿನ ದಾಯಾದಿ. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬ್ಯಾಟಿಂಗ್ ಸರದಿಯಂತೆ ಅಂಕಿ ಹಂಚಿತು. ಮೂರನೆಯವ ಬೇಬ್ ರೂತ್‌ಗೆ 3, ನಾಲ್ಕನೆಯವ ಲೂ ಗೆಹ್ರಿಗ್‌ಗೆ 4. ಗೆಹ್ರಿಗ್ ಸತತ 2130 ಪಂದ್ಯ ಆಡಿದವ. ನರಗಳ ಕಾಯಿಲೆ ಬಂದು 1939ರಲ್ಲಿ ಆಟ ಬಿಡಬೇಕಾಯಿತು. ಅವನ 4 ಮತ್ತಾರಿಗೂ ಸಿಗಲಿಲ್ಲ. ಆಮೇಲೆ ಆ ತಂಡಕ್ಕೆ ಇದೇ ಚಟವಾಯಿತೆನ್ನಿ. ಈಗ ಅಲ್ಲಿ 1ರಿಂದ 9ರವರೆಗೆ ಒಂದು ಅಂಕಿಯೂ ಉಳಿದಿಲ್ಲ! ಹೊಸಬ ಬಂದರೆ ದೊಡ್ಡ ಸಂಖ್ಯೆಯೇ ಗತಿ.

ನಮ್ಮಲ್ಲಿ ಈ ಗೌರವ ಬಂದದ್ದು ಸ್ವಲ್ಪ ಕಹಿಯಾಗಿಯೇ. 2017ರಲ್ಲಿ ಶಾರ್ದೂಲ್ ಠಾಕೂರ್ ಎಂಬ ಹೊಸ ಬೌಲರ್ ಕೊಲಂಬೊದಲ್ಲಿ 10ನೇ ನಂಬರ್ ತೊಟ್ಟು ಇಳಿದ. ಅದು ಸಚಿನ್ ತೆಂಡೂಲ್ಕರ್ ತೊಟ್ಟಿದ್ದ ಅಂಕಿ. ಅಭಿಮಾನಿಗಳು ಹುಡುಗನ ಮೇಲೆ ಮುಗಿಬಿದ್ದರು. ಅವನು 54ಕ್ಕೆ ಬದಲಾಯಿಸಿಕೊಂಡ. 10 ಮೂಲೆ ಸೇರಿತು. ಮುಂದೆ ಧೋನಿಯ 7 ಕೂಡ ಹಾಗೇ ಆಯಿತು. ನಮ್ಮ ರಾಹುಲ್ ದ್ರಾವಿಡ್‌ನ 19ಕ್ಕೆ ಆ ಭಾಗ್ಯವಿಲ್ಲ. ಇನ್ನು ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್? ಟೆಸ್ಟ್ ಅಂಗಿಯ ಬೆನ್ನಿಗೆ ಅಂಕಿ ಬಂದದ್ದೇ 2019ರಲ್ಲಿ. ಆ ಮೂವರಿಗೆ ಬೀಗ ಹಾಕಲು ಅಂಕಿಯೇ ಇಲ್ಲ.

ಹಳ್ಳಿ ತಂಡಗಳಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುತ್ತದೆ, ಅಂಕಿಯ ಸಮೇತ. ಅದು ನಿವೃತ್ತಿಯಾಗುವುದು ಹರಿದಾಗ ಮಾತ್ರ. ನನಗೇನೋ ಅದೂ ಒಂದು ಗೌರವವೇ ಎನಿಸುತ್ತದೆ. ಅಂಕಿಯ ಮೇಲಿನ ಪ್ರೀತಿ ಹೊಸ ಹುಡುಗನನ್ನು ಹೆದರಿಸುವಂತಾದರೆ ಅದೆಂಥ ಪ್ರೀತಿ?

ಇದಕ್ಕೆ ಬೇಸ್‌ಬಾಲ್ ಮಂದಿಯೇ ಒಂದು ದಾರಿ ಹುಡುಕಿದ್ದಾರೆ. ಅಲ್ಲಿನ ದೊಡ್ಡ ಲೀಗುಗಳಲ್ಲಿ ಬಹುಕಾಲ ಕರಿಯರಿಗೆ ಪ್ರವೇಶವಿರಲಿಲ್ಲ. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್‌ಸನ್ 42ನೇ ಅಂಗಿ ತೊಟ್ಟು ಬ್ರೂಕ್ಲಿನ್ ಡಾಡ್ಜರ್ಸ್ ಪರ ಇಳಿದು ಆ ಗೋಡೆ ಒಡೆದ. ಬೈಗುಳ, ಬೆದರಿಕೆ ಎಲ್ಲ ನುಂಗಿಕೊಂಡು ಆಡಿದ. ಐವತ್ತು ವರ್ಷದ ನಂತರ, 1997ರಲ್ಲಿ, 42ನ್ನು ಒಂದು ತಂಡವಲ್ಲ, ಎಲ್ಲ ತಂಡಗಳೂ ನಿಲ್ಲಿಸಿದವು. ಆಗಾಗಲೇ ಅದನ್ನು ತೊಟ್ಟಿದ್ದವರಿಗೆ ಮಾತ್ರ ವಿನಾಯಿತಿ. ಅವರಲ್ಲಿ ಕೊನೆಯವನಾದ ಮರಿಯಾನೊ ರಿವೇರಾ 2013ರವರೆಗೆ ಆಡಿದ. ಆದರೆ 2009ರಿಂದ ವರ್ಷಕ್ಕೊಂದು ದಿನ, ಏಪ್ರಿಲ್ 15ರಂದು, ಆ ಬೀಗ ತೆಗೆಯುತ್ತಾರೆ. ಅಂದು ಎರಡೂ ತಂಡದ ಎಲ್ಲರ ಬೆನ್ನಿನ ಮೇಲೂ 42! ದೂರದ ಗ್ಯಾಲರಿಯಲ್ಲಿ ಕೂತು ‘ಆ ಚೆಂಡು ಹಿಡಿದವ ಯಾರು?’ ಎಂದು ಕೇಳುವವರಿಗೆ ಪಕ್ಕದವರು ಏನು ಹೇಳುತ್ತಾರೋ ನೀವೇ ಊಹಿಸಿ.